ಕುಂಡದ ಎಚೆವೇರಿಯಾ ಸೊರಗಿದೆಯೇ? ನೀರು ಹಾಕುವ ಮೊದಲು ಮಣ್ಣು ನೋಡಿ

ಎಲೆಗಳೆಲ್ಲ ಸುಕ್ಕುಗಟ್ಟಿವೆ, ಒತ್ತಿದರೆ ಮೆತ್ತಗೆ ಬಾಗುತ್ತವೆ. ಬಾಯಾರಿರಬೇಕು ಅಂದುಕೊಂಡು ನೀರು ಹಾಕುತ್ತೀರಿ. ನಾಲ್ಕು ದಿನವಾದರೂ ಎಲೆ ತುಂಬಿಕೊಳ್ಳುವುದಿಲ್ಲ. ಸಾಲಲಿಲ್ಲವೇನೋ ಅಂತ ಇನ್ನಷ್ಟು ಹಾಕುತ್ತೀರಿ. ಒಂದು ಬೆಳಿಗ್ಗೆ ಕುಂಡ ತಿರುಗಿಸಲು ಹೋದರೆ ಗಿಡದ ತಲೆಯೇ ಕಳಚಿ ಕೈಗೆ ಬರುತ್ತದೆ. ಅಡಿಯಲ್ಲಿ ಕಾಂಡ ಕಪ್ಪಾಗಿ ಕೊಳೆತಿರುತ್ತದೆ.

ನಾನು ಸಾಕಿದ ಮೊದಲ ಎಚೆವೇರಿಯಾ ಹೋಗಿದ್ದು ಹೀಗೆ. ಅದರ ಬೇರು ಎಂದೋ ಕೊಳೆತಿತ್ತು. ಕುಂಡದ ತುಂಬ ನೀರಿದ್ದರೂ ಹೀರಲು ಬೇರಿಲ್ಲದೆ ಎಲೆ ಬತ್ತುತ್ತಿತ್ತು. ನಾನು ಅದನ್ನು ಬಾಯಾರಿಕೆ ಎಂದು ಓದಿಕೊಂಡಿದ್ದೆ. ಬಾಯಾರಿದ ಗಿಡ, ಬೇರು ಕೊಳೆತ ಗಿಡ, ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಂದಕ್ಕೆ ಇವತ್ತೇ ನೀರು ಬೇಕು; ಇನ್ನೊಂದಕ್ಕೆ ಇವತ್ತು ನೀರು ಬಿದ್ದರೆ ಅದು ಉಳಿಯುವುದಿಲ್ಲ. ಎಚೆವೇರಿಯಾ, ಗ್ರಾಪ್ಟೊಪೆಟಲಮ್, ಸೆಂಪರ್ವೈವಮ್, ಅಯೋನಿಯಮ್, ಹಾವರ್ತಿಯಾ ಹೀಗೆ ಗುಲಾಬಿ ಹೂವಿನಂತೆ ಸುತ್ತುಸುತ್ತಾಗಿ ಎಲೆ ಜೋಡಿಸಿಕೊಳ್ಳುವ ಯಾವ ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ) ಆದರೂ ಈ ವ್ಯತ್ಯಾಸ ಹಿಡಿಯುವುದೇ ಮೊದಲ ಕೆಲಸ.

ಎಲೆಗಿಂತ ಮೊದಲು ಮಣ್ಣು

ಒಂದು ತೆಳ್ಳನೆಯ ಬಿದಿರು ಕಡ್ಡಿ ತೆಗೆದುಕೊಳ್ಳಿ. ಕುಂಡದ ಅಂಚಿನ ಹತ್ತಿರ ತಳ ಮುಟ್ಟುವವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಹೊರಗೆಳೆಯಿರಿ. ಕಡ್ಡಿಯ ಬಣ್ಣ ಗಾಢವಾಗಿದ್ದರೆ, ತಂಪಾಗಿದ್ದರೆ, ಮಣ್ಣು ಅಂಟಿಕೊಂಡಿದ್ದರೆ ಒಳಗೆ ಇನ್ನೂ ತೇವ ಇದೆ. ಮೇಲ್ಪದರ ಮುಟ್ಟಿ ನೋಡಿದ್ದು ಲೆಕ್ಕಕ್ಕಿಲ್ಲ. ಮೇಲೆ ಪುಡಿಪುಡಿಯಾಗಿ ಒಣಗಿರುವಾಗಲೂ ತಳದಲ್ಲಿ ವಾರಗಟ್ಟಲೆ ತೇವ ನಿಲ್ಲುವುದುಂಟು, ಅದರಲ್ಲೂ ಪ್ಲಾಸ್ಟಿಕ್ ಮತ್ತು ಗ್ಲೇಜ್ ಹಚ್ಚಿದ ಪಿಂಗಾಣಿ ಕುಂಡಗಳಲ್ಲಿ. ನೀರು ಹಾಕಿದ ದಿನ ಒಮ್ಮೆ, ಪೂರ್ತಿ ಒಣಗಿದ ದಿನ ಒಮ್ಮೆ ಕುಂಡ ಎತ್ತಿ ಭಾರ ನೋಡಿಟ್ಟುಕೊಂಡರೆ ಮುಂದೆ ಕಡ್ಡಿಯೂ ಬೇಕಾಗುವುದಿಲ್ಲ, ಕೈಯೇ ಹೇಳುತ್ತದೆ.

ಈಗ ಎಲೆಗೆ ಬನ್ನಿ. ಸುಕ್ಕು ಇದೆ, ಮಣ್ಣು ತಳದವರೆಗೂ ಒಣಗಿದೆ: ಇದು ನಿಜವಾದ ಬಾಯಾರಿಕೆ. ತಳದ ತೂತಿನಿಂದ ಹರಿದು ಬರುವಷ್ಟು ನೀರು ಕೊಡಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಎರಡು ಮೂರು ದಿನದಲ್ಲಿ ಎಲೆ ಗಟ್ಟಿಯಾಗಬೇಕು.

ಸುಕ್ಕು ಇದೆ, ಮಣ್ಣು ಒದ್ದೆ ಇದೆ: ಬೇರು ಕೆಟ್ಟಿದೆ. ನೀರು ನಿಲ್ಲಿಸಿ, ಗಿಡ ಕಿತ್ತು ನೋಡಿ.

ಸುಕ್ಕಿಗೆ ಬದಲು ಎಲೆ ಹಳದಿಯಾಗಿ, ಬೆಳಕು ಆಚೆಗೆ ಕಾಣುವಷ್ಟು ಪಾರದರ್ಶಕವಾಗಿ, ನೀರು ತುಂಬಿದ ಚೀಲದಂತೆ ಊದಿಕೊಂಡು, ಬೆರಳು ತಾಗಿದರೆ ಉದುರುತ್ತಿದೆ: ನೀರು ಹೆಚ್ಚಾಗಿದೆ. ಬೇರು ಇನ್ನೂ ಬದುಕಿರುವ ಸಾಧ್ಯತೆ ಇದೆ, ಆದರೆ ತಡ ಮಾಡುವ ಹಾಗಿಲ್ಲ.

ಇನ್ನೂ ಒಂದು ಸಂದರ್ಭ ಬಹಳ ಜನರ ಕಣ್ಣು ತಪ್ಪುತ್ತದೆ. ಮಣ್ಣು ಒಣಗಿತ್ತು, ನೀರು ಹಾಕಿದಿರಿ, ತಳದಿಂದ ಹರಿದೂ ಬಂತು, ಆದರೂ ಗಿಡ ಚೇತರಿಸಲಿಲ್ಲ. ಮರುದಿನ ಕಡ್ಡಿ ಚುಚ್ಚಿ ನೋಡಿ. ಒಣಗಿಯೇ ಬಂದರೆ ಮಿಶ್ರಣದಲ್ಲಿರುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಪೀಟ್ (ಜೌಗು ನೆಲದ ಕೊಳೆತ ಪಾಚಿ) ಅತಿಯಾಗಿ ಒಣಗಿ ನೀರನ್ನೇ ಒಪ್ಪುತ್ತಿಲ್ಲ ಎಂದರ್ಥ. ಮಣ್ಣಿನ ಉಂಡೆ ಕುಗ್ಗಿ ಕುಂಡದ ಗೋಡೆ ಬಿಟ್ಟಿರುತ್ತದೆ, ನೀವು ಹಾಕಿದ ನೀರು ಆ ಸಂದಿಯಲ್ಲೇ ಇಳಿದುಹೋಗಿದೆ. ಇಂಥ ಕುಂಡವನ್ನು ಅರ್ಧ ಗಂಟೆ ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ಕುಡಿಸಬೇಕು. ಕಡ್ಡಿ ಒದ್ದೆಯಾಗಿ ಬಂದರೆ ತೊಂದರೆ ಬೇರಿನದು. ತಿಂಗಳುಗಟ್ಟಲೆ ನೀರಿಲ್ಲದೆ ಸಣ್ಣ ಬೇರುಗಳು ಸತ್ತಿರುತ್ತವೆ, ಹೊಸವು ಬರುವ ತನಕ ಹೆಚ್ಚು ನೀರು ಕೊಟ್ಟು ಪ್ರಯೋಜನವಿಲ್ಲ.

ತೀರ ಕೆಳಗಿನ ಸುತ್ತಿನ ಒಂದೆರಡು ಎಲೆ ಮಾತ್ರ ಕಾಗದದಂತೆ ಒಣಗಿ, ನಡುವಿನ ಎಲೆಗಳು ಗಟ್ಟಿಯಾಗಿದ್ದರೆ ಏನೂ ಮಾಡಬೇಡಿ. ಗಿಡ ಹಳೆಯ ಎಲೆಯ ಸಾರ ಹೀರಿಕೊಂಡು ಮೇಲೆ ಬೆಳೆಯುವ ಕ್ರಮವೇ ಅದು. ಒಣಗಿದ್ದನ್ನು ಮಾತ್ರ ಆಗಾಗ ಬಿಡಿಸಿ ತೆಗೆಯಿರಿ, ಇಲ್ಲದಿದ್ದರೆ ಅದರಡಿಯಲ್ಲಿ ಹುಳ ಮನೆ ಮಾಡುತ್ತದೆ.

ಕೊಳೆತ ಗಿಡವನ್ನು ಉಳಿಸುವುದು

ಕುಂಡದಿಂದ ಎಬ್ಬಿಸಿ ಮಣ್ಣು ಉದುರಿಸಿ. ಬದುಕಿರುವ ಬೇರು ಬಿಳಿ ಅಥವಾ ತಿಳಿ ಕಂದು, ಎಳೆದರೆ ತಡೆಯುತ್ತದೆ. ಸತ್ತದ್ದು ಕಪ್ಪಗೆ, ಎಳೆದರೆ ಸಿಪ್ಪೆ ಜಾರಿ ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ, ವಾಸನೆಯೂ ಬರುತ್ತದೆ. ಅರ್ಧದಷ್ಟು ಬೇರು ಚೆನ್ನಾಗಿದ್ದರೆ ಕೆಟ್ಟದ್ದನ್ನು ಕತ್ತರಿಸಿ, ಗಿಡವನ್ನು ಎರಡು ಮೂರು ದಿನ ನೆರಳಲ್ಲಿ ಒಣಗಲು ಬಿಟ್ಟು, ಒಣ ಮಿಶ್ರಣದಲ್ಲಿ ನೆಟ್ಟು, ಒಂದು ವಾರ ಕಳೆದ ಮೇಲೆ ನೀರು ಕೊಡಿ.

ಕಾಂಡದ ಬುಡವೇ ಕಪ್ಪಾಗಿದ್ದರೆ ಬೇರಿನ ಆಸೆ ಬಿಡಿ, ತಲೆ ಉಳಿಸಿಕೊಳ್ಳಿ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ ಆರೋಗ್ಯವಾಗಿ ಕಾಣುವ ಕಡೆ ಅಡ್ಡಕ್ಕೆ ಕತ್ತರಿಸಿ. ಆಮೇಲೆ ಕತ್ತರಿಸಿದ ಮುಖವನ್ನು ಬೆಳಕಿನಲ್ಲಿ ಹಿಡಿದು ನೋಡಿ. ನಡುವೆ ಇರುವ ಸಣ್ಣ ವೃತ್ತದಲ್ಲಿ ಒಂದೇ ಒಂದು ಕಂದು ಚುಕ್ಕೆ ಕಂಡರೂ ಕೊಳೆತ ಅಲ್ಲಿಯವರೆಗೆ ಏರಿದೆ. ಚಾಕು ಮತ್ತೆ ಒರೆಸಿ ಇನ್ನೊಂದು ಬಿಲ್ಲೆ ತೆಗೆಯಿರಿ. ಮುಖ ಪೂರ್ತಿ ತಿಳಿ ಹಸಿರು ಅಥವಾ ಬಿಳಿಯಾಗುವವರೆಗೆ ಹೀಗೇ ಮಾಡಬೇಕು. ಇಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಚುಕ್ಕೆ ಚಿಕ್ಕದು, ಇರಲಿ ಬಿಡು ಎಂದು ನಾನು ನಿಲ್ಲಿಸಿದ ತಲೆಗಳಲ್ಲಿ ಒಂದೂ ಉಳಿದಿಲ್ಲ. ಕಾಂಡಕ್ಕೆ ನುಗ್ಗಿದ ಶಿಲೀಂಧ್ರ ನೀರು ಸಾಗುವ ನಾಳದಲ್ಲೇ ಮೇಲೇರುತ್ತದೆ, ಹೊರಗಿನ ಸಿಪ್ಪೆ ಹಸಿರಾಗಿಯೇ ಇರುತ್ತದೆ.

ಸ್ವಚ್ಛವಾದ ತಲೆಯನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಖಾಲಿ ಲೋಟದ ಬಾಯಿಯ ಮೇಲೆ ಕೂರಿಸಿ. ಮೂರರಿಂದ ಏಳು ದಿನದಲ್ಲಿ ಗಾಯ ಒಣಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಒಣ ಮಿಶ್ರಣದ ಮೇಲೆ ಇಟ್ಟರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಬೇರು ಬಿಡುತ್ತದೆ. ಅಲ್ಲಿಯವರೆಗೆ ಎಲೆ ಸುಕ್ಕಾಗುತ್ತದೆ. ಸಹಿಸಿಕೊಳ್ಳಿ, ಅದು ತನ್ನ ದಾಸ್ತಾನಿನಲ್ಲಿ ಬದುಕುತ್ತಿದೆ. ಮೆಲ್ಲಗೆ ಎತ್ತಿದಾಗ ಮಣ್ಣು ಹಿಡಿದುಕೊಂಡಂತೆ ಅನಿಸಿದರೆ ಬೇರು ಬಂದಿದೆ, ನೀರು ಶುರು ಮಾಡಬಹುದು.

ಕೊಳೆತ ನಡುವಿನಿಂದಲೇ, ಅಂದರೆ ಚಿಗುರಿನ ಗುಂಡಿಯಿಂದಲೇ, ಶುರುವಾಗಿದ್ದರೆ ಮೇಲಿನಿಂದ ಬಿದ್ದ ನೀರು ಅಲ್ಲಿ ನಿಂತಿದೆ. ಗಾಳಿಯಾಡದ ಮೂಲೆಯಲ್ಲಿಟ್ಟ ಗಿಡಗಳಿಗೆ ಇದು ಹೆಚ್ಚು. ನಿಂತ ನೀರನ್ನು ಊದಿ ಅಥವಾ ಹತ್ತಿಯಿಂದ ಒತ್ತಿ ತೆಗೆಯುವ ಅಭ್ಯಾಸ ಒಳ್ಳೆಯದು. ಚಿಗುರೇ ಸತ್ತ ಗಿಡದ ಹೊರ ಎಲೆಗಳು ಗಟ್ಟಿಯಿದ್ದರೆ ಅವನ್ನು ಬಿಡಿಸಿ ಮರಿ ಮಾಡಿಕೊಳ್ಳಿ.

ನೀರು ನಿಂತಿದ್ದು ಯಾಕೆ

ಗಿಡ ಉಳಿಸಿದ ಮೇಲೆ ಅದೇ ಕುಂಡಕ್ಕೆ, ಅದೇ ಮಣ್ಣಿಗೆ ಮರಳಿಸಿದರೆ ಮೂರು ತಿಂಗಳಲ್ಲಿ ಮತ್ತೆ ಇದೇ ಕಥೆ. ಎಚೆವೇರಿಯಾದ ಹೆಚ್ಚಿನ ಪ್ರಭೇದಗಳ ತವರು ಮೆಕ್ಸಿಕೊದ ಬೆಟ್ಟಸೀಮೆ. ಅಲ್ಲಿ ಎಷ್ಟೋ ಪ್ರಭೇದಗಳು ಬಂಡೆಯ ಬಿರುಕಿನಲ್ಲಿ ಬೆಳೆಯುತ್ತವೆ, ಬಿದ್ದ ಮಳೆ ನಿಲ್ಲದೆ ಜಾರಿಹೋಗುತ್ತದೆ. ಇವು ಎಲೆಯ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆದು ಉಸಿರಾಡುವ ಗಿಡಗಳು. ನೀರು ಆವಿಯಾಗಿ ಹೋಗದಂತೆ ನೋಡಿಕೊಳ್ಳುವುದೇ ಇವುಗಳ ಜೀವನಕ್ರಮ. ಮಾಮೂಲಿ ಕುಂಡದ ಗಿಡದಂತೆ ಮಣ್ಣಿನ ನೀರನ್ನು ಬೇಗ ಬೇಗ ಎಳೆದು ಒಣಗಿಸುವುದಿಲ್ಲ. ಹಾಗಾಗಿ ಮಣ್ಣು ತಾನೇ ಒಣಗುವಂತಿರಬೇಕು.

ನಾನು ಬಳಸುವ ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ ಸುಮಾರು 60 ಪಾಲು, ಕಲ್ಲಿನಂಥ ವಸ್ತು: ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು), ಪರ್ಲೈಟ್ (ಕಾಯಿಸಿ ಉಬ್ಬಿಸಿದ ಬಿಳಿ ಹರಳು) ಅಥವಾ ತೊಳೆದ ಸಣ್ಣ ಜಲ್ಲಿ, 3ರಿಂದ 6 ಮಿಲಿಮೀಟರ್ ಗಾತ್ರದ್ದು. ಉಳಿದದ್ದು ಕೊಕೊಪೀಟ್ ಮತ್ತು ಹಳೆಯ ಕಾಂಪೋಸ್ಟ್. ಸಣ್ಣ ಮರಳು ಮಾತ್ರ ಬೇಡ. ಅದು ಕಣಗಳ ನಡುವಿನ ಸಂದಿ ತುಂಬಿ ಗಾಳಿ ಹೋಗದಂತೆ ಮಾಡುತ್ತದೆ.

ಕುಂಡದ ತಳಕ್ಕೆ ಜಲ್ಲಿ ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ, ನಾನೂ ವರ್ಷಗಟ್ಟಲೆ ಹಾಸಿದ್ದೇನೆ. ಆಗುವುದು ಇದಕ್ಕೆ ತದ್ವಿರುದ್ಧ. ಸಣ್ಣ ಕಣದ ಮಣ್ಣು ತನ್ನ ಸಂದಿಗಳಲ್ಲಿ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೆಳಗಿನ ಜಲ್ಲಿಯ ದೊಡ್ಡ ಸಂದಿಗೆ ಅದನ್ನು ಎಳೆದುಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಜಲ್ಲಿಗೆ ತಾಗುವ ಕಡೆ ಮಣ್ಣು ಪೂರ್ತಿ ನೆನೆದು ತುಂಬಿದ ಮೇಲೆಯೇ ನೀರು ಕೆಳಗಿಳಿಯುತ್ತದೆ. ಜಲ್ಲಿ ಇಲ್ಲದಿದ್ದರೆ ಕುಂಡದ ತಳದಲ್ಲಿ ಇರುತ್ತಿದ್ದ ಆ ಒದ್ದೆ ಪದರ ಈಗ ಬೇರಿನ ಹತ್ತಿರಕ್ಕೆ ಏರಿ ಕೂತಿದೆ. ತೂತಿನಿಂದ ಮಣ್ಣು ಸೋರದಂತೆ ಒಂದು ಜಾಲರಿ ಚೂರು ಇಟ್ಟರೆ ಸಾಕು. ತೂತೇ ಇಲ್ಲದ ಗಾಜಿನ ಬಟ್ಟಲಿಗೂ ಇದೇ ಮಾತು: ಜಲ್ಲಿ ಹಾಸಿದ ಮಾತ್ರಕ್ಕೆ ಅದು ಕುಂಡವಾಗುವುದಿಲ್ಲ.

ಕುಂಡದ ಅಳತೆ ಗಿಡದ ಹರವಿಗಿಂತ ಒಂದೆರಡು ಸೆಂಟಿಮೀಟರ್ ಅಗಲ ಇದ್ದರೆ ಸಾಕು. ಬೆಳೆಯಲಿ ಅಂತ ದೊಡ್ಡದು ಕೊಟ್ಟರೆ ಬೇರು ತಲುಪದ ಮಣ್ಣೆಲ್ಲ ಒದ್ದೆಯಾಗಿಯೇ ಉಳಿಯುತ್ತದೆ.

ಗಿಡ ಉದ್ದವಾಗಿ ಎದ್ದಿದೆ

ತಂದಾಗ ಅಡಕವಾದ ಹೂವಿನಂತಿತ್ತು, ಈಗ ಎಲೆ ಎಲೆಗಳ ನಡುವೆ ಕಾಂಡ ಕಾಣುತ್ತಿದೆ, ಕೆಳಗಿನ ಎಲೆಗಳು ಕೊಡೆಯಂತೆ ಇಳಿಬಿದ್ದಿವೆ, ಬಣ್ಣ ಹೋಗಿ ಬರೀ ತೆಳು ಹಸಿರು ಉಳಿದಿದೆ. ಬೆಳಕು ಸಾಲುತ್ತಿಲ್ಲ, ಇನ್ನೇನೂ ಅಲ್ಲ. ಎಲೆ ಅಗಲಗಲವಾಗಿ ಕೆಳಗೆ ಬಾಗುವುದು ಮೊದಲ ಸೂಚನೆ, ಉದ್ದವಾಗುವುದು ಆಮೇಲೆ. ಮೊದಲಿನದು ಕಂಡಾಗಲೇ ಜಾಗ ಬದಲಿಸಿ. ಎಚೆವೇರಿಯಾಕ್ಕೆ ದಿನಕ್ಕೆ ನಾಲ್ಕರಿಂದ ಆರು ಗಂಟೆ ನೇರ ಬಿಸಿಲು ಬೇಕು, ಬೆಳಗಿನದಾದರೆ ಉತ್ತಮ. ದೀಪದಡಿ ಬೆಳೆಸುವವರು 12ರಿಂದ 14 ಗಂಟೆ ಉರಿಸಬೇಕಾಗುತ್ತದೆ. ಹಾವರ್ತಿಯಾ ಒಂದೇ ಇದಕ್ಕೆ ಹೊರತು, ಅದು ಕಿಟಕಿಯ ಬೆಳಕಲ್ಲೇ ನೆಮ್ಮದಿಯಾಗಿರುತ್ತದೆ.

ಉದ್ದವಾದ ಕಾಂಡ ಮತ್ತೆ ಕುಗ್ಗುವುದಿಲ್ಲ. ತಲೆಯನ್ನು ಎರಡು ಮೂರು ಸೆಂಟಿಮೀಟರ್ ಕಾಂಡದೊಂದಿಗೆ ಕತ್ತರಿಸಿ, ಮೇಲೆ ಹೇಳಿದಂತೆಯೇ ಬೇರು ಬರಿಸಿ. ಉಳಿದ ಮೋಟನ್ನು ಎಸೆಯಬೇಡಿ. ಅದರಲ್ಲಿ ನಾಲ್ಕೈದು ಎಲೆ ಬಿಟ್ಟು ಬೆಳಕಿಗಿಡಿ. ಕೆಲವು ವಾರಗಳಲ್ಲಿ ಎಲೆಯ ಕಂಕುಳಿನಿಂದ ಮರಿಗಳು ಹೊರಡುತ್ತವೆ.

ಗಾಬರಿಯಲ್ಲಿ ಇವತ್ತೇ ನಡುಹಗಲ ಬಿಸಿಲಿಗೆ ತಳ್ಳಿದರೆ ಇನ್ನೊಂದು ತೊಂದರೆ: ಎಲೆ ಸುಡುತ್ತದೆ. ಬಿಸಿಲಿಗೆ ಎದುರಾದ ಕಡೆ ಮಾತ್ರ ಬಿಳಚಿದ ಅಥವಾ ಕಂದು ಬಣ್ಣದ ಒಣ ತೇಪೆ ಬಂದರೆ ಅದು ಬಿಸಿಲಿನ ಗಾಯ. ಆ ತೇಪೆ ಮಾಯುವುದಿಲ್ಲ, ಆದರೆ ಹರಡುವುದೂ ಇಲ್ಲ. ಹರಡುತ್ತಿದ್ದರೆ, ಒದ್ದೆಯಾಗಿದ್ದರೆ ಅದು ಕೊಳೆತ. ಎರಡು ವಾರದಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಬಿಸಿಲು ಹೆಚ್ಚಿಸುತ್ತ ಹೋಗಿ.

ಎಲೆಯ ಮೇಲಿನ ಬೂದಿಯಂಥ ಹುಡಿ ರೋಗವಲ್ಲ. ಅದು ಮೇಣದ ಲೇಪ, ಗಿಡದ ಸ್ವಂತ ಛತ್ರಿ. ಒರೆಸಿದ ಎಲೆಯಲ್ಲಿ ಮೊದಲಿನಂತೆ ಮರಳಿ ಕೂರುವುದಿಲ್ಲ, ಆದ್ದರಿಂದ ಗಿಡ ಹಿಡಿಯುವಾಗ ಬುಡ ಅಥವಾ ಕಾಂಡ ಹಿಡಿಯಿರಿ. ನೀರು ಒಣಗಿದ ಜಾಗದಲ್ಲಿ ಬಿಳಿ ಉಂಗುರ ಉಳಿದರೆ ಅದು ಗಡಸು ನೀರಿನ ಸುಣ್ಣ, ಗಿಡಕ್ಕೆ ತೊಂದರೆಯಿಲ್ಲ.

ಹತ್ತಿಯಂಥ ಬಿಳಿ ಗಂಟು

ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯ ಚೂರು ಸಿಕ್ಕಿಕೊಂಡಂತೆ ಕಂಡರೆ ಅದು ಹಿಟ್ಟು ತಿಗಣೆ. ಹೊಸ ಎಲೆಗಳು ಸೊಟ್ಟಗೆ, ಕುಬ್ಜವಾಗಿ ಬರುತ್ತಿದ್ದರೆ, ಎಲೆ ಅಂಟಂಟಾಗಿದ್ದರೆ, ಕುಂಡಕ್ಕೆ ಇರುವೆ ಸಾಲು ಹತ್ತುತ್ತಿದ್ದರೆ, ಹುಳ ಕಾಣದಿದ್ದರೂ ಹುಡುಕಿ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಶೇಕಡಾ 70ರ ಐಸೊಪ್ರೊಪೈಲ್ ಸ್ಪಿರಿಟ್‌ನಲ್ಲಿ ಹತ್ತಿ ಕಡ್ಡಿ ಅದ್ದಿ ಒಂದೊಂದಕ್ಕೂ ಮುಟ್ಟಿಸಿ, ಸಂಜೆ ಹೊತ್ತು, ಮೊದಲು ಒಂದು ಎಲೆಯಲ್ಲಿ ಪರೀಕ್ಷಿಸಿ. ಒಮ್ಮೆ ಮಾಡಿ ಬಿಟ್ಟರೆ ಆಗದು. ಮೊಟ್ಟೆಗಳು ಉಳಿದಿರುತ್ತವೆ, ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬೇಕು. ಬೇವಿನೆಣ್ಣೆಯನ್ನು ಹುಡಿ ಲೇಪವಿರುವ ಜಾತಿಗಳಿಗೆ ನಾನು ಹಾಕುವುದಿಲ್ಲ; ಎಣ್ಣೆ ಲೇಪ ತೊಳೆದುಬಿಡುತ್ತದೆ, ಅದರ ಮೇಲೆ ಬಿಸಿಲು ಬಿದ್ದರೆ ಎಲೆ ಸುಡುತ್ತದೆ.

ಮಣ್ಣು ಸರಿ, ನೀರು ಸರಿ, ಬೆಳಕು ಸರಿ, ಆದರೂ ಗಿಡ ತಿಂಗಳಿಂದ ಬೆಳೆಯುತ್ತಿಲ್ಲ ಎಂದಾದರೆ ಕಿತ್ತು ಬೇರು ನೋಡಿ. ಬೇರಿನ ಮೇಲೂ ಕುಂಡದ ಒಳಗೋಡೆಯ ಮೇಲೂ ಬಿಳಿ ಹಿಟ್ಟು ಅಂಟಿದ್ದರೆ ಅದು ಬೇರಿನ ತಿಗಣೆ. ಮಣ್ಣೆಲ್ಲ ಎಸೆದು, ಬೇರನ್ನು ನಲ್ಲಿಯಡಿ ತೊಳೆದು, ಕುಂಡವನ್ನು ಸೋಪಿನಲ್ಲಿ ಉಜ್ಜಿ ಹೊಸದಾಗಿ ನೆಡಬೇಕು. ಹೊಸ ಗಿಡ ತಂದಾಗ ಒಂದು ತಿಂಗಳು ಬೇರೆಯಾಗಿ ಇಟ್ಟರೆ ಈ ಶ್ರಮ ಉಳಿಯುತ್ತದೆ.

ಎಲೆಯಿಂದ ಮರಿ ಬರುತ್ತಿಲ್ಲ

ಮೊದಲು ನಿಮ್ಮ ಗಿಡ ಯಾವುದು ಎಂದು ನೋಡಿಕೊಳ್ಳಿ. ಸೆಂಪರ್ವೈವಮ್ ಮತ್ತು ಅಯೋನಿಯಮ್‌ಗಳ ಬಿಡಿ ಎಲೆ ಸಾಮಾನ್ಯವಾಗಿ ಮರಿ ಕೊಡುವುದಿಲ್ಲ, ಎಷ್ಟು ಕಾದರೂ ಅಷ್ಟೆ. ಮೊದಲನೆಯದನ್ನು ಬುಡದ ಮರಿ ಬಿಡಿಸಿ, ಎರಡನೆಯದನ್ನು ಕೊಂಬೆ ಕತ್ತರಿಸಿ ಬೆಳೆಸಬೇಕು. ಹಾವರ್ತಿಯಾಕ್ಕೆ ಮರಿ ಬೇರ್ಪಡಿಸುವುದೇ ಸುಲಭ. ಗ್ರಾಪ್ಟೊಪೆಟಲಮ್ ಪರಾಗ್ವಯೆನ್ಸೆ ಕಲಿಯುವವರಿಗೆ ಅತ್ಯುತ್ತಮ, ಬಿದ್ದಲ್ಲೇ ಬೇರೂರುತ್ತದೆ. (ಹೆಸರಲ್ಲಿ ಪರಾಗ್ವೆ ಇದ್ದರೂ ಅದರ ತವರು ಮೆಕ್ಸಿಕೊ.) ದೊಡ್ಡ ಎಲೆಯ, ಅಂಚು ನೆರಿಗೆಯಾದ ಎಚೆವೇರಿಯಾ ಹೈಬ್ರಿಡ್‌ಗಳ ಎಲೆ ಬುಡ ಸಮೇತ ಬರುವುದೇ ಕಷ್ಟ. ಅವುಗಳ ಹೂದಂಟಿನ ಮೇಲಿರುವ ಚಿಕ್ಕ ಎಲೆಗಳನ್ನು ಬಿಡಿಸಿ ನೋಡಿ, ಅವು ಸಲೀಸಾಗಿ ಕಳಚುತ್ತವೆ, ಮರಿಯನ್ನೂ ಕೊಡುತ್ತವೆ.

ಎಲೆ ಬುಡದಿಂದ ಕಪ್ಪಾಗುತ್ತಿದ್ದರೆ ಬಿಡಿಸಿದ್ದು ಸರಿಯಾಗಿಲ್ಲ. ಮರಿ ಹುಟ್ಟುವ ಜೀವಕೋಶಗಳಿರುವುದು ಎಲೆ ಕಾಂಡಕ್ಕೆ ಅಂಟಿದ ಆ ಬಿಳಿ ತುದಿಯಲ್ಲಿ. ಎಲೆಯನ್ನು ಮೇಲೆ ಕೆಳಗೆ ಎಳೆದರೆ ಅದು ಕಾಂಡದಲ್ಲೇ ಉಳಿದು ಎಲೆ ಮಾತ್ರ ಹರಿದು ಬರುತ್ತದೆ. ಬುಡದ ಹತ್ತಿರ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸಿ, ಟಕ್ ಎಂದು ಕಳಚಿದ್ದು ಕೈಗೆ ತಿಳಿಯುತ್ತದೆ.

ಎಲೆ ಪಾರದರ್ಶಕವಾಗಿ ಕರಗುತ್ತಿದ್ದರೆ ನೀರು ಬೇಗ ಬಿದ್ದಿದೆ. ಎರಡು ಮೂರು ದಿನ ಗಾಯ ಒಣಗಿಸಿ, ಆಮೇಲೆ ಒಣ ಮಿಶ್ರಣದ ಮೇಲೆ ಮಲಗಿಸಿ ಸುಮ್ಮನಿರಿ. ಬುಡವನ್ನು ಹೂಳಬೇಡಿ. ಬೇರು ಬರುವ ತನಕ ಎಲೆಗೆ ಹೊರಗಿನ ನೀರು ಬೇಕಿಲ್ಲ. ಎರಡರಿಂದ ಆರು ವಾರದ ನಡುವೆ ಗುಲಾಬಿ ಅಥವಾ ಬಿಳಿ ಬಣ್ಣದ ಎಳೆ ಬೇರು ಕಾಣಿಸುತ್ತದೆ. ಆಗಿನಿಂದ ಮೂರು ನಾಲ್ಕು ದಿನಕ್ಕೊಮ್ಮೆ ಬೇರಿನ ಬಳಿ ಮಣ್ಣು ತುಸು ತೇವ ಮಾಡಿ, ಬೇರಿನ ಮೇಲೆ ಮಿಶ್ರಣ ಉದುರಿಸಿ. ಗಾಳಿಯಲ್ಲಿ ಚಾಚಿದ ಬೇರು ಒಣಗಿಹೋದರೆ ಮರಿ ಅಲ್ಲಿಗೇ ನಿಲ್ಲುತ್ತದೆ; ಎಷ್ಟೋ ಜನರ ಮರಿಗಳು ಬಟಾಣಿ ಗಾತ್ರಕ್ಕೆ ಬಂದು ಸಾಯುವುದು ಇದೇ ಕಾರಣಕ್ಕೆ. ಗಿಡ ದೊಡ್ಡದಾದಾಗ ಬೇಡವಾದ ನೀರು ಮರಿಯಾಗಿದ್ದಾಗ ಬೇಕು.

ಬೇರು ಗುಂಪುಗುಂಪಾಗಿ ಬಂದು ಮರಿಯೇ ಬಾರದ ಎಲೆಗಳೂ ಇವೆ. ಕೆಲವು ತಿಂಗಳಾದ ಮೇಲೆ ಚಿಗುರುತ್ತವೆ, ಕೆಲವು ಚಿಗುರುವುದೇ ಇಲ್ಲ. ಅದಕ್ಕೇ ನಾನು ಒಂದು ಮರಿ ಬೇಕಿದ್ದರೆ ಐದಾರು ಎಲೆ ಇಡುತ್ತೇನೆ. ತಾಯಿ ಎಲೆ ತಾನಾಗಿ ಒಣಗಿ ಕಾಗದವಾಗುವವರೆಗೆ ಮರಿಯಿಂದ ಅದನ್ನು ಬೇರ್ಪಡಿಸಬೇಡಿ.

ದೋಷವೇ ಅಲ್ಲದವು

ಕಾಂಡದಿಂದ ಗಾಳಿಗೆ ಬೇರು ಇಳಿಬಿಡುವುದು, ಬಿಸಿಲು ಮತ್ತು ಚಳಿಗೆ ಎಲೆ ತುದಿ ಕೆಂಪಾಗುವುದು, ಇವು ಚಿಂತೆಯ ವಿಷಯವಲ್ಲ. ಮೊದಲನೆಯದಕ್ಕೆ ಒಮ್ಮೆ ಕಡ್ಡಿ ಚುಚ್ಚಿ ನೋಡಿದರೆ ಸಾಕು, ಗಿಡಕ್ಕೆ ನೀರು ಬೇಕಿರಬಹುದು. ಅಯೋನಿಯಮ್ ಬೇಸಿಗೆಯಲ್ಲಿ ಹೊರ ಎಲೆ ಉದುರಿಸಿ, ಉಳಿದದ್ದನ್ನು ಮೊಗ್ಗಿನಂತೆ ಮುದುಡಿಕೊಳ್ಳುತ್ತದೆ. ಕ್ಯಾನರಿ ದ್ವೀಪಗಳ ಒಣ ಬೇಸಿಗೆಗೆ ಒಗ್ಗಿದ ಗಿಡ, ಆಗ ನಿದ್ದೆ ಮಾಡುತ್ತದೆ. ಸಾಯುತ್ತಿದೆ ಎಂದು ತಿಳಿದು ನೀರೆರೆದರೆ ನಿದ್ದೆಯಲ್ಲೇ ಕೊಳೆಯುತ್ತದೆ.

ಸೆಂಪರ್ವೈವಮ್ ನಡುವಿನಿಂದ ಗೋಪುರದಂತೆ ಎದ್ದು ಹೂ ಬಿಟ್ಟರೆ ಆ ಒಂದು ತಲೆ ಹೂವಿನ ನಂತರ ಸಾಯುತ್ತದೆ. ದಂಟು ಕತ್ತರಿಸಿ ತಡೆಯಲು ನೋಡಿದ್ದೇನೆ, ಆಗಿಲ್ಲ. ಅಷ್ಟರಲ್ಲಿ ಸುತ್ತಲೂ ಅದರ ಮರಿಗಳು ಬೇರು ಬಿಟ್ಟಿರುತ್ತವೆ. ಒಣಗಿದ ತಾಯಿಯನ್ನು ಬುಡದಿಂದ ತಿರುಚಿ ತೆಗೆದು, ಆ ಗುಂಡಿಗೆ ಒಂದು ಹಿಡಿ ಮಿಶ್ರಣ ತುಂಬಿದರೆ ಪಕ್ಕದ ಮರಿಗಳು ಆ ಜಾಗವನ್ನು ತುಂಬಿಕೊಳ್ಳುತ್ತವೆ. ಎಚೆವೇರಿಯಾಕ್ಕೆ ಈ ಭಯವಿಲ್ಲ. ಅದು ಹೂ ಬಿಟ್ಟ ಮೇಲೂ ಬೆಳೆಯುತ್ತಲೇ ಇರುತ್ತದೆ. ಹೂದಂಟಿಗೆ ಸಸ್ಯಹೇನು ಮುತ್ತುತ್ತದೆ, ಹಾಗಾಗಿ ಮೊಗ್ಗು ಕಂಡ ದಿನದಿಂದ ಅಲ್ಲೊಂದು ಕಣ್ಣಿಡಿ.